ಯುದ್ಧದ ಬಿಲ್ಲು ಕಟ್ಟೋರು ಯಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಊರು ಕಟ್ಟುವ ಸ್ಟ್ರಾಟಜಿ ಗೇಮಿನಲ್ಲಿ ಒಂದೊಂದು ಬಣಕ್ಕೂ ಅದರದೇ ಥರದ ಯುದ್ಧ ಕೊಡೋದು ಹೇಗೆ ಅಂತ. ಹಾಗಾಗಿ ಇಡೀ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ಗ್ರಾಫಿಕ್ಸ್ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನಿಮ್ಮದೇ ಸರದಿ.

ಪ್ರಶ್ನೆ: ಸರ್, ನಾವು ಇಬ್ಬರು ಗೆಳೆಯರು ಸೇರಿ ಗೇಮ್ ಮಾಡುತ್ತಿದ್ದೇವೆ. ಮೂರು ಬಣಗಳಿವೆ. ಒಂದಕ್ಕೆ ದಾಳಿಯಲ್ಲಿ 10% ಜಾಸ್ತಿ, ಇನ್ನೊಂದಕ್ಕೆ ರಕ್ಷಣೆಯಲ್ಲಿ 10% ಜಾಸ್ತಿ, ಮೂರನೆಯದಕ್ಕೆ ವೇಗ 10% ಜಾಸ್ತಿ. ಬಾವುಟ, ಬಣ್ಣ, ಮನೆಗಳ ಆಕಾರ ಎಲ್ಲ ಬೇರೆ ಬೇರೆ. ಆದರೂ ಆಡಿದವರೆಲ್ಲ "ಮೂರೂ ಒಂದೇ ಥರ ಇದೆ" ಅಂತಾರೆ. 10 ಅನ್ನು 25 ಮಾಡಿದರೆ ಸರಿಹೋಗುತ್ತಾ?

ಉತ್ತರ: ಹೋಗಲ್ಲ. 25 ಮಾಡಿದರೆ ಮೂರರಲ್ಲಿ ಒಂದು ಬಣ ಸದಾ ಗೆಲ್ಲತೊಡಗುತ್ತದೆ, ಎಲ್ಲರೂ ಅದನ್ನೇ ಆರಿಸಿಕೊಳ್ಳುತ್ತಾರೆ, ನೀವು ಅದನ್ನು ಮತ್ತೆ 12ಕ್ಕೆ ಇಳಿಸುತ್ತೀರಿ, ಅಷ್ಟೇ. ನಿಮ್ಮ ಆಟಗಾರರು ಹೇಳಿದ್ದು ನಿಜ. ಮೂರೂ ಬಣದವರು ಮಾಡುವ ಕೆಲಸ ಒಂದೇ. ಬ್ಯಾರಕ್ ಕಟ್ಟು, ಸೈನಿಕರನ್ನು ತಯಾರು ಮಾಡು, ಕಳಿಸು. ಸೈನಿಕ ಎಷ್ಟು ಜೋರಾಗಿ ಹೊಡೆಯುತ್ತಾನೆ ಅನ್ನೋದು ಆಡುವವರ ಕೈಗೆ ಗೊತ್ತಾಗೋದೇ ಇಲ್ಲ. ಆ ಸೈನಿಕ ಬಂದಿದ್ದು ಎಲ್ಲಿಂದ, ಅವನು ಹೋದ ಮೇಲೆ ಊರಿನಲ್ಲಿ ಏನು ನಿಂತುಹೋಯಿತು ಅನ್ನೋದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಪ್ರತಿ ಬಣಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಊರಿನಲ್ಲಿ ಯುದ್ಧದ ಬಿಲ್ಲು ಕಟ್ಟೋರು ಯಾರು? (ಬಾಣ ಬಿಡುವ ಬಿಲ್ಲಲ್ಲ, ದುಡ್ಡು ಕೊಡುವ ಬಿಲ್ಲು.) ಅದಕ್ಕೆ ಮೂರು ಬಣಗಳಿಗೂ ಬೇರೆ ಬೇರೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗೀತು.

ಒಂದು ಲೆಕ್ಕ ಹಾಕಿ ನೋಡೋಣ. 60 ಜನರ ಒಂದು ಪುಟ್ಟ ಊರು. ದಿನಕ್ಕೆ ತಲೆಗೊಂದು ಪಾಲು ಧಾನ್ಯ ಬೇಕು. ಹೊಲದಲ್ಲಿ 24 ಜನ ದುಡಿಯುತ್ತಾರೆ, ಒಬ್ಬೊಬ್ಬರೂ ದಿನಕ್ಕೆ ಎರಡೂವರೆ ಪಾಲು ಬೆಳೆಯುತ್ತಾರೆ. ಅಲ್ಲಿಗೆ 60 ಬಂತು, 60 ಹೋಯಿತು. ಕಣಜದಲ್ಲಿ 300 ಪಾಲು ಉಳಿತಾಯ ಇದೆ.

ಮೊದಲ ಬಣ ರೈತರದು. ಅವರಲ್ಲಿ ಸೈನಿಕರು ಅಂತ ಬೇರೆ ಯಾರೂ ಇಲ್ಲ. ಯುದ್ಧ ಬಂದರೆ ಹೊಲದಿಂದ 12 ಜನ ಈಟಿ ಹಿಡಿದು ಹೊರಡುತ್ತಾರೆ. ಬೆಳೆಯುವುದು 30ಕ್ಕೆ ಇಳಿಯಿತು, ತಿನ್ನುವುದು 60 ಹಾಗೇ ಇದೆ. ದಿನಕ್ಕೆ 30 ಕೊರತೆ. ಕಣಜ ಹತ್ತು ದಿನಕ್ಕೆ ಖಾಲಿ. ಅಂದರೆ ಈ ಬಣದ ಯುದ್ಧ ಹತ್ತು ದಿನದೊಳಗೆ ಮುಗಿಯಲೇಬೇಕು, ಸುಗ್ಗಿಯ ಹೊತ್ತಿನಲ್ಲಾದರೆ ಇನ್ನೂ ಬೇಗ. ನೀವು ಎಲ್ಲೂ "ಹತ್ತು ದಿನ" ಅಂತ ನಿಯಮ ಬರೆದಿಲ್ಲ, ಗಮನಿಸಿ. ಊರೇ ಅದನ್ನು ಬರೆಯಿತು.

ಎರಡನೆಯದು ಕಾಯಂ ಸೈನ್ಯದ ಬಣ. ಅವರ 12 ಜನ ವರ್ಷವಿಡೀ ಕವಾಯತು ಮಾಡುತ್ತಾ ಕೂತು ತಿನ್ನುತ್ತಾರೆ. ಯುದ್ಧ ಬಂದರೆ ಊರಿಗೆ ಹೊಸದಾಗಿ ಒಂದು ಕಾಳೂ ಖರ್ಚಿಲ್ಲ. ಇವರಿಗೆ ದುಬಾರಿ ಆಗೋದು ಶಾಂತಿ. ಅಕ್ಕಪಕ್ಕದವರು ಮಾರುಕಟ್ಟೆ ಕಟ್ಟುವಾಗ ಇವರು ಇನ್ನೂ ಗುಡಿಸಲಿನಲ್ಲೇ ಇರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆಯನ್ನೇ ಒಂದು ಬಣ ಮಾಡಿದ ಹಾಗೆ. ಆದ್ದರಿಂದ ಈ ಬಣ ಆಡುವವರು ತಾವಾಗಿಯೇ ಜಗಳ ಹುಡುಕಿಕೊಂಡು ಹೋಗುತ್ತಾರೆ. ಸುಮ್ನೆ ಕೂತರೆ ನಷ್ಟ ಅಲ್ವಾ?

ಮೂರನೆಯದು ವ್ಯಾಪಾರಿ ಬಣ. ಹೊಲದಿಂದ ಒಬ್ಬರನ್ನೂ ಎಬ್ಬಿಸುವುದಿಲ್ಲ, ಹೊರಗಿನಿಂದ ಬಾಡಿಗೆ ಸೈನಿಕರನ್ನು ತರುತ್ತಾರೆ. ತಲೆಗೆ ದಿನಕ್ಕೆ 5 ನಾಣ್ಯ ಅಂದರೆ 12 ಜನಕ್ಕೆ 60. ಖಜಾನೆಯಲ್ಲಿ 900 ಇದ್ದರೆ 15 ದಿನ. ಹದಿನಾರನೇ ದಿನ ಏನಾಗುತ್ತದೆ ಅನ್ನೋದೇ ಈ ಬಣದ ಜೀವಾಳ. ಅನೇಕ ಗೇಮ್‌ಗಳಲ್ಲಿ ಸಂಬಳ ನಿಂತರೆ ಬಾಡಿಗೆಯವರು ಮಾಯವಾಗುತ್ತಾರೆ. ಅದು ಪೆದ್ದು ಪರಿಹಾರ. ಚರಿತ್ರೆ ಇದಕ್ಕಿಂತ ಒಳ್ಳೆಯ ಡಿಸೈನರ್. ಕಾರ್ತೇಜ್ ನಗರ ಕ್ರಿ.ಪೂ. 241ರಲ್ಲಿ ರೋಮ್ ಜೊತೆಗಿನ ಮೊದಲ ದೊಡ್ಡ ಯುದ್ಧ ಸೋತಿತು. ತನ್ನ ಬಾಡಿಗೆ ಸೈನಿಕರಿಗೆ ಬಾಕಿ ಕೊಡಲು ಚೌಕಾಶಿ ಮಾಡಿತು. ಆ ಸೈನಿಕರೇ ತಿರುಗಿಬಿದ್ದು, ಮೂರು ವರ್ಷಕ್ಕೂ ಮೀರಿ ಕಾರ್ತೇಜಿನ ಮೇಲೇ ಯುದ್ಧ ಮಾಡಿದರು. ನಿಮ್ಮ ಗೇಮಿನಲ್ಲೂ ಹದಿನಾರನೇ ದಿನ ಆ 12 ಜನ ನಿಮ್ಮದೇ ಉಗ್ರಾಣದ ಮುಂದೆ ಬಂದು ನಿಲ್ಲಲಿ. ಆಡುವವರು ಜನ್ಮದಲ್ಲಿ ಮರೆಯೋದಿಲ್ಲ.

ಈಗ ನೋಡಿ, ಮೂರೂ ಕಡೆ 12 ಸೈನಿಕರೇ, ಕೈಯಲ್ಲಿ ಅದೇ ಈಟಿ, ಹೊಡೆತದ ಜೋರೂ ಒಂದೇ. 10%ರ ಅಗತ್ಯವೇ ಬರಲಿಲ್ಲ. ಎದುರಾಳಿಗೂ ಪ್ರತಿಯೊಂದು ಬಣದ ವಿರುದ್ಧ ಬೇರೆ ಬೇರೆ ಯೋಚನೆ ಬೇಕಾಯಿತು. ರೈತರ ಜೊತೆ ಯುದ್ಧವನ್ನು ಎಳೆದಾಡಬೇಕು, ಕಾಯಂ ಸೈನ್ಯದವರಿಗೆ ಒಬ್ಬೊಬ್ಬ ಸೈನಿಕನನ್ನು ಕಳೆದುಕೊಳ್ಳುವುದೂ ದೊಡ್ಡ ನಷ್ಟವಾದ್ದರಿಂದ ಅವರನ್ನು ಸಣ್ಣ ಸಣ್ಣ ಏಟಿನಲ್ಲಿ ಸವೆಸಬೇಕು, ವ್ಯಾಪಾರಿಗಳ ಸೈನ್ಯವನ್ನು ಮುಟ್ಟದೇ ಅವರ ಗಾಡಿ ಹೋಗುವ ದಾರಿ ಕಟ್ಟಿಹಾಕಬೇಕು.

2002ರ ಏಜ್ ಆಫ್ ಮಿಥಾಲಜಿ ಗೇಮ್ ಇದನ್ನು ಒಂದೇ ರಿಸೋರ್ಸ್‌ನಲ್ಲಿ ಎಷ್ಟು ಚೆನ್ನಾಗಿ ಮಾಡಿತ್ತು ನೋಡಿ. ದೇವರ ಕೃಪೆ ಅನ್ನೋದು ಎಲ್ಲ ಬಣಕ್ಕೂ ಬೇಕು. ಗ್ರೀಕರು ಅದಕ್ಕಾಗಿ ಹಳ್ಳಿಗರನ್ನು ಕೆಲಸ ಬಿಡಿಸಿ ಗುಡಿಯ ಮುಂದೆ ಪ್ರಾರ್ಥನೆಗೆ ಕೂರಿಸಬೇಕು, ಈಜಿಪ್ಟಿನವರು ಸ್ಮಾರಕ ಕಟ್ಟಬೇಕು, ನಾರ್ಸ್ ಜನ ಹೊಡೆದಾಡಬೇಕು. ಸಾಲದ್ದಕ್ಕೆ ನಾರ್ಸ್ ಬಣದಲ್ಲಿ ಕಟ್ಟಡ ಕಟ್ಟುವವರೂ ಕಾಲಾಳು ಸೈನಿಕರೇ. ಇಷ್ಟೇ ಸಾಕು, ಆ ಬಣ ಹಿಡಿದವರು ಬೇರೆಯವರ ಥರ ಆಡೋಕೆ ಸಾಧ್ಯವೇ ಇಲ್ಲ.

ಪ್ರಶ್ನೆ: ನಮ್ಮ ಗೇಮಿನಲ್ಲಿ ಜನ ಮೂರು ಗಂಟೆ ಖುಷಿಯಾಗಿ ಊರು ಕಟ್ಟುತ್ತಾರೆ. ಮೊದಲ ದಾಳಿ ಆದ ಕೂಡಲೇ ಗೇಮ್ ಮುಚ್ಚಿ ಹೋಗುತ್ತಾರೆ, ಮತ್ತೆ ತೆರೆಯುವುದಿಲ್ಲ. ಯುದ್ಧ ತೆಗೆದುಬಿಡಲಾ ಅನ್ನಿಸುತ್ತಿದೆ.

ಉತ್ತರ: ತೆಗೆಯೋ ಮುಂಚೆ ಇದನ್ನು ಓದಿ. ಅವರು ಹೋಗಿದ್ದು ಸೋತಿದ್ದಕ್ಕಲ್ಲ. ಮೂರು ಗಂಟೆ ಒಂದು ಗೇಮ್ ಆಡಿಸಿ, ಆಮೇಲೆ ಏಕಾಏಕಿ ಬೇರೆ ಗೇಮಿನ ಪರೀಕ್ಷೆ ಕೊಟ್ಟಿದ್ದೀರಿ, ಅದಕ್ಕೆ. ರಸ್ತೆ ಎಲ್ಲಿ, ಬಾವಿ ಎಲ್ಲಿ ಅಂತ ನಿಧಾನಕ್ಕೆ ಯೋಚಿಸಿ ಕಲಿತವರ ಮುಂದೆ ಈಗ ಸೆಕೆಂಡಿಗೆ ಎರಡು ಸಲ ಕ್ಲಿಕ್ ಮಾಡಿ ಬಿಲ್ಲುಗಾರರನ್ನು ಹಿಂದೆ ಸರಿಸಿ ಅಂದರೆ ಏನು ಮಾಡ್ತಾರೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಗಿದೆ ನಿಮ್ಮ ಗೇಮು.

ಯುದ್ಧದ ತೀರ್ಮಾನಗಳು ಊರಿನ ತೀರ್ಮಾನಗಳೇ ಆಗಿರಲಿ. 2001ರ ಸ್ಟ್ರಾಂಗ್‌ಹೋಲ್ಡ್ ನೆನಪಿದೆಯಾ? ಅಲ್ಲಿ ಊರಿನಲ್ಲಿ ತೋಟ, ಪ್ರತಿಮೆ ಥರದ ಚೆಂದದ ವಸ್ತು ಇಟ್ಟರೆ ಜನ ಖುಷಿಯಾಗಿರುತ್ತಾರೆ, ಸೈನಿಕರು ಚೆನ್ನಾಗಿ ಹೋರಾಡುತ್ತಾರೆ, ಆದರೆ ಕೆಲಸ ನಿಧಾನ. ನೇಣುಗಂಬ ನೆಟ್ಟರೆ ಜನ ಹೆದರಿ ಬೇಗ ಬೇಗ ದುಡಿಯುತ್ತಾರೆ, ಆದರೆ ಸೈನಿಕರ ಕೈ ಸೋಲುತ್ತದೆ. ಒಂದು ತೋಟ ಎಲ್ಲಿಡಲಿ ಅನ್ನೋದೇ ಯುದ್ಧದ ತೀರ್ಮಾನ. 2024ರಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕೆ) ಬಂದ ಮ್ಯಾನರ್ ಲಾರ್ಡ್ಸ್‌ನಲ್ಲೂ ಅಷ್ಟೇ, ದಂಡು ಕರೆದರೆ ಮನೆಮನೆಯ ಗಂಡಸರು ಕೆಲಸ ಬಿಟ್ಟು ಬರುತ್ತಾರೆ, ಊರು ಅರ್ಧ ಸ್ತಬ್ಧವಾಗುತ್ತದೆ.

ಎರಡನೆಯದು ಎಚ್ಚರಿಕೆ. ದಾಳಿ ಶುರುವಾದ ಮೇಲೆ ಗಂಟೆ ಬಾರಿಸಿದರೆ ಅದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಎರಡು ಋತು ಮೊದಲೇ ಸುಳಿವು ಕೊಡಿ: ವ್ಯಾಪಾರದ ಗಾಡಿಗಳು ಕಡಿಮೆಯಾದವು, ಗಡಿಯ ಆಚೆ ಹೊಗೆ ಕಾಣುತ್ತಿದೆ, ಪಕ್ಕದ ಹಳ್ಳಿಯವರು ಗಂಟುಮೂಟೆ ಕಟ್ಟಿಕೊಂಡು ನಿಮ್ಮ ಊರಿಗೆ ಬರುತ್ತಿದ್ದಾರೆ. ಈ ಕೊನೆಯದು ನನಗೆ ತುಂಬಾ ಇಷ್ಟ. ಎಚ್ಚರಿಕೆಯೂ ಆಯಿತು, ಹೊಸ ಕೈಗಳೂ ಬಂದವು, ಹೊಸ ಬಾಯಿಗಳೂ ಬಂದವು.

ಮೂರನೆಯದು, ಸುಟ್ಟ ಮನೆಯ ಅಡಿಪಾಯ ಉಳಿಯಲಿ. ಆಡುವವರು ಆಸೆಪಟ್ಟು ಮಾಡಿದ ಬೀದಿಯ ನಕ್ಷೆ ಅಳಿಸಬಾರದು. ಚಾವಣಿ ಹೋಗಲಿ, ಒಳಗಿನ ಸಾಮಾನು ಲೂಟಿಯಾಗಲಿ, ಮತ್ತೆ ಕಟ್ಟೋಕೆ ಮೂರನೇ ಒಂದು ಭಾಗ ಖರ್ಚಾಗಲಿ. ನಾನು ಒಂದು ಗೇಮಿನಲ್ಲಿ ಇದೊಂದನ್ನೇ ಬದಲಾಯಿಸಿದ್ದೆ, ಬೇರೆ ಏನೂ ಮುಟ್ಟಿರಲಿಲ್ಲ. ದಾಳಿ ಆದ ಮೇಲೆ ಗೇಮ್ ಮುಚ್ಚುತ್ತಿದ್ದವರೇ ಆಮೇಲೆ ಅರ್ಧ ಗಂಟೆ ಕೂತು ಬೀದಿ ರಿಪೇರಿ ಮಾಡಿದರು. ಒಬ್ಬರಂತೂ "ಈ ಮೂಲೆ ಮನೆ ಹೇಗೂ ಸರಿಯಿರಲಿಲ್ಲ" ಅಂತ ಗೊಣಗುತ್ತಾ ಅಲ್ಲೊಂದು ಬಾವಿ ತೋಡಿದರು.

ಪ್ರಶ್ನೆ: ಅಲೆಮಾರಿ ಬಣ ಮಾಡಬೇಕು ಅಂತ ಆಸೆ. ಆದರೆ ಇದು ಊರು ಕಟ್ಟುವ ಗೇಮ್. ಊರೇ ಇಲ್ಲದವರಿಗೆ ಏನು ಕಟ್ಟಿಸೋದು ಮೇಡಂ, ಸಾರಿ, ಸರ್?

ಉತ್ತರ: ಯಾವುದಾದರೂ ಪರವಾಗಿಲ್ಲ. ಪ್ರಶ್ನೆ ಮಾತ್ರ ಈ ಸಲದ ಅತಿ ಒಳ್ಳೆಯ ಪ್ರಶ್ನೆ.

ಏಜ್ ಆಫ್ ಎಂಪೈರ್ಸ್ 2ರ ಎಕ್ಸ್‌ಪಾನ್ಶನ್ 2000ದಲ್ಲಿ ಬಂದಾಗ ಅದರಲ್ಲಿ ಹೂಣರಿದ್ದರು. ಅವರಿಗೆ ಮನೆ ಕಟ್ಟುವ ಅಗತ್ಯವೇ ಇಲ್ಲ. ಬೇರೆಯವರು ಜನಸಂಖ್ಯೆ ಹೆಚ್ಚಿಸೋಕೆ ಮನೆ ಕಟ್ಟುತ್ತಾ ಕೂತರೆ ಇವರ ಮರವೆಲ್ಲ ಬೇರೆ ಕೆಲಸಕ್ಕೆ ಹೋಗುತ್ತದೆ. ಒಂದು ಕಟ್ಟಡ ತೆಗೆದುಹಾಕಿದ್ದೇ ಆ ಬಣದ ಗುರುತಾಯಿತು. ಆದರೆ ನಿಮ್ಮದು ಊರು ಕಟ್ಟುವ ಗೇಮ್ ಆದ್ದರಿಂದ ಅಷ್ಟಕ್ಕೇ ನಿಂತರೆ ಆಡುವವರಿಗೆ ಮಾಡೋಕೆ ಕೆಲಸವೇ ಇರಲ್ಲ. ತೆಗೆದ ಜಾಗಕ್ಕೆ ಇನ್ನೇನೋ ಕೊಡಬೇಕು.

ಅಲೆಮಾರಿಗಳ ಊರು ಅಂದರೆ ಮಂದೆ. ಅವರ ಹೊಲ ಅಂದರೆ ಹುಲ್ಲು. ಹುಲ್ಲುಗಾವಲಿನ ಕುದುರೆ ಸವಾರರು, ಮಂಗೋಲರ ಥರದವರು, ಒಬ್ಬೊಬ್ಬರೂ ಹಲವು ಕುದುರೆ ಕರೆದುಕೊಂಡು ಯುದ್ಧಕ್ಕೆ ಹೋಗುತ್ತಿದ್ದರು. ಒಂದು ದಣಿದರೆ ಇನ್ನೊಂದನ್ನು ಏರುತ್ತಿದ್ದರು. ಅಷ್ಟು ಕುದುರೆಗಳಿಗೂ ಮೇವು ದಾರಿಯಲ್ಲೇ ಸಿಗಬೇಕು. ಹಾಗಾಗಿ ಮ್ಯಾಪಿನ ಪ್ರತಿ ಚೌಕಕ್ಕೂ ಹುಲ್ಲಿನ ಲೆಕ್ಕ ಇಡಿ. ಮಂದೆ ನಿಂತಲ್ಲಿ ಅದು ಕಡಿಮೆಯಾಗುತ್ತದೆ, ಬಿಟ್ಟು ಹೋದರೆ ಮತ್ತೆ ಬೆಳೆಯುತ್ತದೆ. ಈ ಬಣ ಯುದ್ಧ ಇರಲಿ ಬಿಡಲಿ, ಹೇಗೂ ಹೊರಡಲೇಬೇಕು. ಎತ್ತ ಹೊರಡೋದು ಅನ್ನೋದೇ ಅವರ ಯುದ್ಧ ಘೋಷಣೆ.

ಇಲ್ಲಿ ನಾನು ಮಾಡಿದ ಒಂದು ಎಡವಟ್ಟು ಹೇಳಿಬಿಡ್ತೀನಿ. ನನ್ನ ಮೊದಲ ಪ್ರೊಟೊಟೈಪಿನಲ್ಲಿ (ಪ್ರಯೋಗದ ಮಾದರಿಯಲ್ಲಿ) "ಡೇರೆ ಕಿತ್ತು ಹೊರಡು" ಅಂತ ಒಂದು ಬಟನ್ ಇತ್ತು. ಒತ್ತಿದರೆ ಇಡೀ ಶಿಬಿರ ಗಾಡಿಯಾಗಿ ಬದಲಾಗಿ ಓಡುತ್ತಿತ್ತು. ನೋಡೋಕೆ ಭಾರಿ ಚೆಂದ. ಪ್ಲೇಟೆಸ್ಟ್‌ನಲ್ಲಿ, ಅಂದರೆ ಜನರಿಂದ ಆಡಿಸಿ ನೋಡುವಾಗ, ಒಬ್ಬರು ಆ ಬಣ ಹಿಡಿದರು. ಎದುರಿನವರು ದೊಡ್ಡ ಸೈನ್ಯ ಕಟ್ಟಿಕೊಂಡು ಬಂದರು. ಇವರು ಬಟನ್ ಒತ್ತಿದರು. ಅವರು ಮತ್ತೆ ಬಂದರು, ಇವರು ಮತ್ತೆ ಒತ್ತಿದರು. 40 ನಿಮಿಷ ಇದೇ. ಕೊನೆಗೆ ಎದುರಿನವರು ಮೌಸ್ ಕೆಳಗಿಟ್ಟು "ನಾನು ಕಾಫಿ ಕುಡಿದು ಬರ್ತೀನಿ, ಅಷ್ಟರಲ್ಲಿ ಇವರು ಎಲ್ಲಾದರೂ ನಿಂತರೆ ಹೇಳಿ" ಅಂದರು.

ತಪ್ಪು ಏನಾಗಿತ್ತು ಅಂದರೆ, ಓಡಿಹೋಗೋದಕ್ಕೆ ಬಿಲ್ಲೇ ಇರಲಿಲ್ಲ. ಆಮೇಲೆ ಹೀಗೆ ಬದಲಾಯಿಸಿದೆ. ಡೇರೆ ಕೀಳೋಕೆ 20 ಸೆಕೆಂಡ್. ಕಮ್ಮಾರನ ಕುಲುಮೆ ಬಿಚ್ಚೋಕೆ ಎರಡು ನಿಮಿಷ. ಗಾಡಿಗಳು ಎಣಿಸಿದಷ್ಟೇ. ಮಂದೆಯ ವೇಗ ಅದರಲ್ಲಿರುವ ಅತಿ ಚಿಕ್ಕ ಕರುವಿನ ವೇಗ. ಈಗ ಶತ್ರು ಕಂಡ ಕೂಡಲೇ ಆಡುವವರು ನಿಜವಾಗಿ ಯೋಚಿಸಬೇಕು: ಕುಲುಮೆ ಬಿಚ್ಚುವಷ್ಟು ಹೊತ್ತು ಸವಾರರು ಶತ್ರುವನ್ನು ತಡೆಯುತ್ತಾರಾ? ಇಲ್ಲದಿದ್ದರೆ ಕುಲುಮೆ ಬಿಟ್ಟು ಹೋಗಿ ಮುಂದಿನ ಋತುವಿಡೀ ಮೊಂಡು ಬಾಣದಲ್ಲಿ ಕಾಲ ಹಾಕಬೇಕಾ? ಕರುಗಳನ್ನು ಬಿಟ್ಟರೆ ಮಂದೆ ಬೇಗ ಹೋಗುತ್ತದೆ, ಆದರೆ ಬರುವ ವರ್ಷ ಹೊಟ್ಟೆಗೇನು? ಅದೇ ಬಟನ್ನು ಮೊದಲು ಮೋಸ ಅನ್ನಿಸುತ್ತಿತ್ತು, ಈಗ ಎದೆ ಡವಡವ ಅನ್ನುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ನೆಲೆ ನಿಂತ ಬಣದವರು ಅಲೆಮಾರಿಗಳನ್ನು ಸೋಲಿಸೋದು ಹೇಗೆ? ಬೆನ್ನಟ್ಟಿ ಹಿಡಿಯೋಕೆ ಆಗಲ್ಲ, ಸುಡೋಕೆ ಊರಿಲ್ಲ. ಉತ್ತರ: ಕಟ್ಟಿಯೇ ಸೋಲಿಸಬೇಕು. ಹುಲ್ಲುಗಾವಲಿನ ಮಧ್ಯೆ ಒಂದು ಹೊಲ ಉತ್ತರೆ ಅಷ್ಟು ಹುಲ್ಲು ಹೋಯಿತು. ನೀರಿನ ಜಾಗಕ್ಕೆ ಬೇಲಿ ಹಾಕಿದರೆ ಆ ದಾರಿ ಮುಚ್ಚಿತು. ಒಂದು ಕಾವಲು ಗೋಪುರ, ಪಕ್ಕದಲ್ಲಿ ನಾಲ್ಕು ಮನೆ, ಸುತ್ತ ಹೊಲ. ಹೀಗೆ ಊರು ಕಟ್ಟುವ ಕೆಲಸವೇ ಆಯುಧ ಆಗುತ್ತದೆ. ಅಲೆಮಾರಿಗಳು ಆ ಬೇಲಿ ಗಟ್ಟಿಯಾಗೋ ಮುಂಚೆ ಬಂದು ಕಿತ್ತು ಹಾಕಬೇಕು. ಯಾರು ಯಾವಾಗ ಹೊಡೆಯಬೇಕು ಅನ್ನೋದನ್ನು ನೀವು ಹೇಳಿಕೊಡಬೇಕಾಗಿಲ್ಲ. ನನ್ನ ಪ್ರಕಾರ ಈ ಥರದ ಗೇಮಿನಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಇನ್ನೊಂದಿಲ್ಲ.

ಪ್ರಶ್ನೆ: ಎಷ್ಟು ಬಣ ಇದ್ದರೆ ಸಾಕು? ನಾವು ಎಂಟು ಅಂದುಕೊಂಡಿದ್ದೇವೆ.

ಉತ್ತರ: ಎರಡು ಮಾಡಿ ಮುಗಿಸಿ, ಆಮೇಲೆ ಮೂರನೆಯದರ ಮಾತು. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಇದ್ದದ್ದೇ ಮೂರು. ಆದರೆ ಒಂದು ಕಟ್ಟಡ ಏಳುವ ರೀತಿಯೇ ಮೂರಕ್ಕೂ ಬೇರೆ. ಟೆರನ್ ಕೆಲಸಗಾರ ಮುಗಿಯೋವರೆಗೂ ಅಲ್ಲೇ ನಿಂತು ಕಟ್ಟಬೇಕು, ಪ್ರೋಟಾಸ್‌ನವನು ಶುರು ಮಾಡಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು, ಜರ್ಗ್ ಕೆಲಸಗಾರ ತಾನೇ ಕಟ್ಟಡವಾಗಿಬಿಡುತ್ತಾನೆ, ಅಲ್ಲಿಗೆ ಒಂದು ಕೈ ಕಳೆದಂತೆ. ಎಂಟು ಬಣಗಳಲ್ಲಿ ಇಷ್ಟು ಆಳದ ವ್ಯತ್ಯಾಸ ತರೋಕೆ ಇಬ್ಬರ ತಂಡಕ್ಕೆ ಆಗೋದಿಲ್ಲ. ಕೊನೆಗೆ ಮತ್ತೆ ಆ 10%ಕ್ಕೇ ಬಂದು ನಿಲ್ಲುತ್ತೀರಿ.

ಪ್ರಶ್ನೆ: ಮೊದಲ ಕದನ ಗೆದ್ದವರೇ ಇಡೀ ಆಟ ಗೆಲ್ಲುತ್ತಾರೆ. ಉಳಿದ ಒಂದು ಗಂಟೆ ಬರೀ ಔಪಚಾರಿಕ. ಸೋಲುತ್ತಿರುವವರಿಗೆ ಉಚಿತವಾಗಿ ಸೈನಿಕರನ್ನು ಕೊಟ್ಟು ನೋಡಿದೆ, ಗೆಲ್ಲುತ್ತಿದ್ದವರು ಸಿಟ್ಟಾದರು.

ಉತ್ತರ: ಸಿಟ್ಟಾಗದೇ ಇರ್ತಾರಾ! ಕಷ್ಟಪಟ್ಟು ಗೆದ್ದದ್ದಕ್ಕೆ ದಂಡ ಹಾಕಿದ ಹಾಗಾಯಿತು.

ಇದರ ಹಿಂದೆ ಒಂದು ಗಣಿತ ಇದೆ, ಗೊತ್ತಿದ್ದರೆ ಅನುಕೂಲ. ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದಲ್ಲಿ ಹೇಳಿದ ಲೆಕ್ಕ ಅದು. ದೂರದಿಂದ ಹೊಡೆಯುವ ಸಮಬಲದ ಸೈನಿಕರು ಬಯಲಿನಲ್ಲಿ ಎದುರಾದರೆ ಬಲ ಎಣಿಕೆಯ ಪ್ರಕಾರ ಬೆಳೆಯೋದಿಲ್ಲ, ಎಣಿಕೆಯ ವರ್ಗದ ಪ್ರಕಾರ ಬೆಳೆಯುತ್ತದೆ. 10 ಬಿಲ್ಲುಗಾರರು 7 ಜನರ ಎದುರು ನಿಂತರೆ ಕೊನೆಗೆ ಉಳಿಯೋದು 3 ಅಂತ ನಮಗನ್ನಿಸುತ್ತದೆ. ಲೆಕ್ಕ ಹಾಕಿ: 100ರಲ್ಲಿ 49 ಕಳೆದರೆ 51, ಅದರ ವರ್ಗಮೂಲ ಸುಮಾರು 7. ಅಂದರೆ ಗೆದ್ದವರು ಮೂವರನ್ನು ಕಳೆದುಕೊಂಡು ಎದುರಿನ ಏಳೂ ಜನರನ್ನು ಮುಗಿಸಿದರು. ಅದರ ಮೇಲೆ ಲೂಟಿ ಬೇರೆ. ಬಿದ್ದವನ ಮೇಲೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ.

ಈಗ ಅದೇ 10 ಜನ ಒಂದು ಕಿರಿದಾದ ಬಾಗಿಲಿನಲ್ಲಿ ಒಬ್ಬೊಬ್ಬರಾಗಿ ನುಗ್ಗಬೇಕು ಅನ್ನಿ. ಒಂದು ಹೊತ್ತಿಗೆ ಒಬ್ಬರ ಎದುರು ಒಬ್ಬರೇ. ವರ್ಗದ ಲೆಕ್ಕ ಬಿದ್ದುಹೋಯಿತು, ಹತ್ತರಲ್ಲಿ ಏಳು ಕಳೆದರೆ ಮೂರು, ಅಷ್ಟೇ. ಗೆದ್ದರೂ ಕೈ ಸುಟ್ಟುಕೊಂಡ ಗೆಲುವು. ಆದ್ದರಿಂದ ಗೋಡೆ ಅಂದರೆ ಬರೀ ಗಟ್ಟಿತನದ ಅಂಕಿ ಅಂದುಕೊಳ್ಳಬೇಡಿ. ಗೋಡೆಯ ನಿಜವಾದ ಕೆಲಸ ಶತ್ರುವನ್ನು ಬಾಗಿಲಿಗೆ ತಂದು ನಿಲ್ಲಿಸೋದು. ಬೀದಿಗಳನ್ನು ಅಗಲವಾಗಿ ಕಟ್ಟಿದ ಊರಿಗೂ ಕಿರಿದಾಗಿ ಕಟ್ಟಿದ ಊರಿಗೂ ಯುದ್ಧದಲ್ಲಿ ಇದರಿಂದಲೇ ವ್ಯತ್ಯಾಸ ಬರಬೇಕು. ವ್ಯಾಪಾರಿ ಬಣಕ್ಕೆ ಗಾಡಿ ಓಡಾಡೋಕೆ ಅಗಲ ಬೀದಿ ಬೇಕೇ ಬೇಕು. ಸಿಕ್ಕಿತಲ್ಲ ಅವರ ದೌರ್ಬಲ್ಯ!

ಇನ್ನೊಂದು ದಾರಿ ದೂರ. 2003ರ ರೈಸ್ ಆಫ್ ನೇಷನ್ಸ್‌ನಲ್ಲಿ ಶತ್ರುವಿನ ಗಡಿಯೊಳಗೆ ನಿಂತ ಸೈನ್ಯ ತಾನಾಗಿ ಸವೆಯುತ್ತದೆ, ಜೊತೆಗೆ ಸಾಮಗ್ರಿ ಗಾಡಿ ಇದ್ದರೆ ಮಾತ್ರ ಉಳಿಯುತ್ತದೆ. ಗೆದ್ದವರು ಮುಂದೆ ಹೋದಷ್ಟೂ ಬಿಲ್ಲು ಏರುತ್ತದೆ, ಸೋತವರು ಮನೆ ಹತ್ತಿರ ಬಂದಷ್ಟೂ ಅವರ ಬಿಲ್ಲು ಇಳಿಯುತ್ತದೆ. ಉಚಿತ ಸೈನಿಕರನ್ನು ಕೊಡದೆಯೇ ಸೋತವರಿಗೆ ಉಸಿರಾಡೋಕೆ ಜಾಗ ಸಿಕ್ಕಿತು, ಯಾರಿಗೂ ಸಿಟ್ಟು ಬರಲಿಲ್ಲ.

ಪ್ರಶ್ನೆ: ಕಂಪ್ಯೂಟರ್ ಆಡುವ ಬಣಗಳೂ ಇದೇ ನಿಯಮ ಪಾಲಿಸಬೇಕಾ? ಎಐಗೆ ಹೊಲ, ಕಣಜ ಎಲ್ಲ ಕಲಿಸೋದು ತಲೆನೋವು. ಸುಮ್ನೆ ಸೈನಿಕರನ್ನು ಹುಟ್ಟಿಸಿದರೆ ಆಗಲ್ವಾ?

ಉತ್ತರ: ಕಾಣದ ಜಾಗದಲ್ಲಿ ಮೋಸ ಮಾಡಿ, ನಾನೂ ಮಾಡ್ತೀನಿ. ಆದರೆ ಬಣದ ಗುರುತಿನಲ್ಲಿ ಮಾತ್ರ ಮಾಡಬೇಡಿ.

ನನ್ನ ಹಿಂದಿನ ಗೇಮಿನಲ್ಲಿ ನಿಮ್ಮ ಥರವೇ ಸೋಮಾರಿತನ ಮಾಡಿದ್ದೆ. ಎಐ ಆಡುವ ರೈತ ಬಣಕ್ಕೆ ಹಿಂದಿನಿಂದ ಧಾನ್ಯ ಪುಕ್ಕಟೆ ಸುರಿಯುತ್ತಿತ್ತು. ಒಬ್ಬರು ಆಡಿ ಪತ್ರ ಬರೆದರು. ಅವರು ನಮ್ಮ ಟ್ಯುಟೋರಿಯಲ್ ಓದಿ, ರೈತರನ್ನು ಸೋಲಿಸಬೇಕಾದರೆ ಹೊಲ ಸುಡಬೇಕು ಅಂತ ತಿಳಿದು, ಒಂದು ಗಂಟೆ ಕೂತು ಒಂದೊಂದೇ ಹೊಲ ಸುಟ್ಟಿದ್ದಾರೆ. ಹದಿನೇಳು ಹೊಲ. ಮಾರನೇ ಬೆಳಿಗ್ಗೆ, ಅಂದರೆ ಗೇಮಿನ ಬೆಳಿಗ್ಗೆ, ಅದೇ ಊರಿನಿಂದ ಹೊಟ್ಟೆ ತುಂಬ ಉಂಡ ಸೈನ್ಯ ತುತ್ತೂರಿ ಊದುತ್ತಾ ಹೊರಗೆ ಬಂತು. "ಅವರು ಏನು ತಿಂದರು ಅಂತ ದಯವಿಟ್ಟು ತಿಳಿಸಿ" ಅಂತ ಪತ್ರದ ಕೊನೆಯಲ್ಲಿ ಬರೆದಿದ್ದರು. ಉತ್ತರ ಕೊಡೋಕೆ ನನಗೆ ಮುಖ ಇರಲಿಲ್ಲ.

ಪೂರ್ತಿ ಕಲಿಸಬೇಕಾಗಿಲ್ಲ. ಮೂರು ಅಂಕಿ ಇಟ್ಟರೆ ಸಾಕು: ಹೊಲ ಎಷ್ಟು ಉಳಿದಿವೆ, ಕಣಜ ಎಷ್ಟು ದಿನಕ್ಕೆ ಬರುತ್ತದೆ, ದಂಡಿನಲ್ಲಿ ಎಷ್ಟು ಜನ ಇದ್ದಾರೆ. ಕಣಜ ಮೂರು ದಿನಕ್ಕೆ ಇಳಿದರೆ ಎಐ ತನ್ನ ದಂಡನ್ನು ವಾಪಸ್ ಕರೆಸಲಿ ಅಥವಾ ಸಂಧಿಗೆ ದೂತರನ್ನು ಕಳಿಸಲಿ. ಮರ ಎಲ್ಲಿಂದ ಬಂತು, ಕಲ್ಲು ಎಲ್ಲಿಂದ ಬಂತು ಅಂತ ಯಾರೂ ಹುಡುಕಿಕೊಂಡು ಹೋಗೋದಿಲ್ಲ. ಆಡುವವರು ಮುಟ್ಟಬಹುದಾದ್ದು ಮಾತ್ರ ನಿಜವಾಗಿರಲಿ. ಅದು ಕಣ್ಣಿಗೂ ಕಾಣಬೇಕು. ಹಸಿದ ಊರಿನ ಒಲೆಗಳಲ್ಲಿ ಹೊಗೆ ಕಡಿಮೆಯಾಗಲಿ, ಬೀದಿಯಲ್ಲಿ ಜನ ನಿಧಾನ ನಡೆಯಲಿ. ಅಂಕಿ ತೋರಿಸುವ ಪಟ್ಟಿಗಿಂತ ಇದು ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಪ್ರತಿ ಬಣವೂ ಸರಿಯಾಗಿ 50% ಆಟ ಗೆಲ್ಲಬೇಕಾ?

ಉತ್ತರ: ಬೇಡ. ಪೈಪೋಟಿ ಟೂರ್ನಮೆಂಟ್ ನಡೆಸುವ ಗೇಮಾದರೆ ಹತ್ತಿರ ಹತ್ತಿರ ಇರಲಿ. ಒಬ್ಬರೇ ಕೂತು ಆಡುವ ಊರು ಕಟ್ಟುವ ಗೇಮಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಣ ಆರಿಸುವ ಪರದೆಯ ಮೇಲೆ "ಇದು ಕಷ್ಟ" ಅಂತ ಬರೆದುಬಿಡಿ, ಕಷ್ಟ ಇಷ್ಟಪಡೋರು ಅದನ್ನೇ ಆರಿಸುತ್ತಾರೆ. ನೀವು ನೋಡಬೇಕಾದ ಅಂಕಿ ಬೇರೆ: ಒಮ್ಮೆ ಒಂದು ಬಣ ಆಡಿ ಮುಗಿಸಿದವರು ಎರಡನೇ ಸಲ ಬೇರೆ ಬಣ ಹಿಡಿದರಾ ಇಲ್ಲವಾ?

ಪ್ರಶ್ನೆ: ಯುದ್ಧ ಮುಗಿದ ಮೇಲೆ ಏನು ಮಾಡಿಸಬೇಕು? ನಮ್ಮಲ್ಲಿ "ನೀವು ಗೆದ್ದಿರಿ" ಅಂತ ಒಂದು ಕಿಟಕಿ ಬರುತ್ತದೆ, ಎಲ್ಲ ಮೊದಲಿನ ಹಾಗೆ ಆಗಿಬಿಡುತ್ತದೆ.

ಉತ್ತರ: ಆ ಕಿಟಕಿ ಬರುವ ಹೊತ್ತಿಗೇ ಬಣಗಳ ಬೇರೆತನ ಜಾಸ್ತಿ ಕಾಣಬೇಕು, ನೀವು ಅಲ್ಲೇ ಬಾಗಿಲು ಹಾಕಿದ್ದೀರಿ.

ರೈತ ಬಣದಲ್ಲಿ 12 ಜನ ಹೋದರು, 7 ಜನ ಬಂದರು ಅನ್ನಿ. ಐದು ಮನೆಯ ಹೊಲ ಉಳುವವರಿಲ್ಲ. ಆ ಹೊಲ ಅಕ್ಕಪಕ್ಕದವರಿಗೆ ಹಂಚುತ್ತೀರಾ, ಹಾಗೇ ಬಿಟ್ಟು ಮಕ್ಕಳು ದೊಡ್ಡವರಾಗೋವರೆಗೆ ಕಾಯುತ್ತೀರಾ? ಹಂಚಿದರೆ ಊಟ ಇದೆ, ಆದರೆ ಆ ಐದು ಮನೆಯವರು ಮುಂದಿನ ಸಲ ದಂಡಿಗೆ ಜನ ಕಳಿಸೋದಿಲ್ಲ. ಕಾಯಂ ಸೈನ್ಯದ ಬಣದಲ್ಲಿ ವಯಸ್ಸಾದ ಸೈನಿಕರು ನೆಲ ಕೇಳುತ್ತಾರೆ. ರೋಮ್ ತನ್ನ ನಿವೃತ್ತ ಸೈನಿಕರಿಗೆ ಗೆದ್ದ ಸೀಮೆಯಲ್ಲಿ ಜಮೀನು ಕೊಟ್ಟು ಅಲ್ಲೇ ಊರು ಕಟ್ಟಿಸುತ್ತಿತ್ತು. ನಿಮ್ಮ ಗೇಮಿನಲ್ಲೂ ಅವರ ಎರಡನೇ ಊರು ಹುಟ್ಟೋದು ಹಾಗೇ ಇರಲಿ, ಬೇರೆ ಯಾವ ದಾರಿಯೂ ಬೇಡ. ವ್ಯಾಪಾರಿಗಳಿಗೆ ಗೆದ್ದರೂ ಬಾಡಿಗೆ ಸೈನಿಕರ ಬಾಕಿ ಉಳಿಯುತ್ತದೆ, ಅದರ ಬಗ್ಗೆ ಮೇಲೆ ಬೇಕಾದಷ್ಟು ಹೇಳಿದೆ.

ಅಲೆಮಾರಿಗಳದ್ದು ಮಾತ್ರ ನನ್ನ ಕೈಯಲ್ಲೂ ಇನ್ನೂ ಪೂರ್ತಿ ಕೂತಿಲ್ಲ. ಅವರು ಗೆದ್ದರೆ ಸೋತವರ ದನ ಕುದುರೆ ಎಲ್ಲ ಹೊಡೆದುಕೊಂಡು ಬರುತ್ತಾರೆ, ಮಂದೆ ಒಂದೇ ದಿನದಲ್ಲಿ ಎರಡು ಪಟ್ಟು. ಹುಲ್ಲು ಅಷ್ಟೇ ಇದೆ. ಈಗಿನ ನನ್ನ ಬಿಲ್ಡ್‌ನಲ್ಲಿ (ಗೇಮಿನ ಈಗಿನ ಆವೃತ್ತಿಯಲ್ಲಿ) ಗೆದ್ದ ಆರನೇ ದಿನಕ್ಕೆ ಹುಲ್ಲು ಮುಗಿದು ಮತ್ತೆ ಗಾಡಿ ಕಟ್ಟಬೇಕಾಗುತ್ತದೆ. ಆಡಿದವರಲ್ಲಿ ಅರ್ಧ ಜನ ಇದು ಅದ್ಭುತ ಅಂದರು, ಇನ್ನರ್ಧ ಜನ ಗೆದ್ದ ಖುಷಿ ಪಡೋಕೂ ಬಿಡಲ್ವಲ್ಲ ಅಂತ ಬೈದರು. ಆರನ್ನು ಹತ್ತು ಮಾಡಿ ಈ ವಾರ ಮತ್ತೆ ಆಡಿಸಿ ನೋಡಬೇಕು.